ಬೇಸಿಗೆಯ ಕಾವು, ಹತ್ತಿಯ ಧೂಳು ಮತ್ತು ಲಿನಕ್ಸ್ ಲ್ಯಾಪ್‌ಟಾಪ್

ಕೃಷ್ಣಾ–ತುಂಗಭದ್ರಾ ನಡುವಿನ ದೋಆಬ್ ನೆಲವಾದ ರಾಯಚೂರು ಸೀಮೆಯಲ್ಲಿ ಏಪ್ರಿಲ್–ಮೇ ಹೊತ್ತಿಗೆ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯಾಗಿದ್ದರೆ, ಬಹುತೇಕ ಲ್ಯಾಪ್‌ಟಾಪ್ ತಯಾರಕರು ಯಂತ್ರದ ಸುತ್ತಲಿನ ಗಾಳಿಗೆ ಗೊತ್ತುಪಡಿಸಿರುವ ಮೇಲ್ಮಿತಿ ಸುಮಾರು 35 ಡಿಗ್ರಿ ಮಾತ್ರ. ಚಿಪ್‌ನ ಕಾವು ಹೊರಬೀಳುವುದು ಚಿಪ್ಪಿಗೂ ಗಾಳಿಗೂ ಇರುವ ಉಷ್ಣಾಂಶದ ಅಂತರದ ಬಲದಿಂದ. ಆದ್ದರಿಂದ 25 ಡಿಗ್ರಿಯ ಕೋಣೆಯಲ್ಲಿ 80ಕ್ಕೆ ನಿಲ್ಲುವ ಪ್ರೊಸೆಸರ್, ಅದೇ ಕೆಲಸವನ್ನು ದೇವದುರ್ಗದ ತಗಡಿನ ಮನೆಯೊಂದರಲ್ಲಿ 43 ಡಿಗ್ರಿಯ ಮಧ್ಯಾಹ್ನ ಮಾಡುವಾಗ ಹೆಚ್ಚುಕಡಿಮೆ 98ಕ್ಕೆ ಏರುತ್ತದೆ. ಅನೇಕ ಇಂಟೆಲ್ ಪ್ರೊಸೆಸರ್‌ಗಳ ಮಿತಿಯೇ 100 ಡಿಗ್ರಿ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ತಂಪಾಗಲು ಕೃಷ್ಣೆಯ ನೀರಾದರೂ ಇದೆ, ಲ್ಯಾಪ್‌ಟಾಪ್‌ಗೆ ಇರುವುದು ಹೆಬ್ಬೆರಳು ದಪ್ಪವೂ ಇಲ್ಲದ ಒಂದು ಫ್ಯಾನು.

ಮಿತಿ ಹತ್ತಿರವಾದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಅದೂ ಸಾಲದಾದಾಗ ಲಿನಕ್ಸ್ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳಾದ ತಂತ್ರಾಂಶ, ನಿಗದಿತ ಅಪಾಯದ ಗೆರೆ ದಾಟಿದೊಡನೆ ಯಂತ್ರವನ್ನು ಆರಿಸುತ್ತದೆ. ಹೀಗೆ ಆರಿದ ಯಂತ್ರವನ್ನು ಮತ್ತೆ ಹೊತ್ತಿಸಿದ ಕೂಡಲೇ ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಆದೇಶದ ಮೂಲಕ ಹಿಂದಿನ ಬೂಟಿನ ದಾಖಲೆ ತೆರೆದರೆ, ಕೊನೆಯ ಸಾಲುಗಳಲ್ಲಿ ‘ಕ್ರಿಟಿಕಲ್ ಟೆಂಪರೇಚರ್ ರೀಚ್ಡ್’ ಎಂಬ ಮಾತು ಸಿಕ್ಕುವ ಸಂಭವ ಹೆಚ್ಚು. ದಾಖಲೆ ಯಾವ ಎಚ್ಚರಿಕೆಯೂ ಇಲ್ಲದೆ ನಡುವೆಯೇ ಕಡಿದುಹೋಗಿದ್ದರೆ ಕರ್ನಲ್‌ಗೂ ಸಮಯ ಕೊಡದೆ ಪ್ರೊಸೆಸರಿನೊಳಗಿನ ಕಾವಲು ವ್ಯವಸ್ಥೆಯೇ ವಿದ್ಯುತ್ ಕಡಿದಿರಬಹುದು, ಇಲ್ಲವೇ ಬ್ಯಾಟರಿ ಸತ್ತಿರುವ ಯಂತ್ರ ಕರೆಂಟು ಹೋದಾಗ ಆರಿರಬಹುದು. ಈ ಎರಡನೆಯದನ್ನು ಕಾವಿನ ದೋಷವೆಂದು ಭಾವಿಸಿ ಫ್ಯಾನು ಬದಲಿಸುವುದು ದುಡ್ಡು ದಂಡ.

ಕಾವಿನದೇ ದೋಷವೆಂದು ಖಚಿತವಾದ ಮೇಲೆ ಇಲ್ಲಿ ಮೊದಲು ನೋಡಬೇಕಾದದ್ದು ಧೂಳು. ರಾಯಚೂರಿನ ಮಾರುಕಟ್ಟೆಗೆ ಚಳಿಗಾಲದಲ್ಲಿ ಹತ್ತಿ ಬರುತ್ತದೆ, ಜಿನ್ನಿಂಗ್ ಫ್ಯಾಕ್ಟರಿಗಳ ಸುತ್ತ ಅರಳೆಯ ಎಳೆ ಹಾರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಕಡೆಗೆ ಭತ್ತದ ಹೊಟ್ಟಿನ ನುಣುಪು ಧೂಳು ಸೇರುತ್ತದೆ. ಫ್ಯಾನು ಈ ಗಾಳಿಯನ್ನು ಎಳೆದು, ಉಗುರಿನಷ್ಟು ತೆಳುವಾದ ಲೋಹದ ರೆಕ್ಕೆಗಳ ನಡುವಿನಿಂದ ಹೊರದೂಡುವಾಗ ಎಳೆಗಳು ರೆಕ್ಕೆಗಳ ಒಳಬಾಯಿಯಲ್ಲೇ ಸಿಕ್ಕಿಕೊಂಡು, ಮೇಲೆ ಧೂಳು ಕೂತು, ಕಂಬಳಿಯ ತುಂಡಿನಂಥ ಪದರವಾಗುತ್ತವೆ. ಹೊರಗಿನ ಜಾಲರಿ ಚೊಕ್ಕಟವಾಗಿ ಕಾಣುವುದರಿಂದ ಕೆಳಮುಚ್ಚಳ ಬಿಚ್ಚದೆ ಇದು ಕಣ್ಣಿಗೆ ಬೀಳುವುದಿಲ್ಲ. ಚಳಿಗಾಲದಲ್ಲಿ ಕಟ್ಟಿದ ಪದರ ಬೇಸಿಗೆಯಲ್ಲಿ ಕಾಟ ಕೊಡುವುದರಿಂದ ಕಾರಣವೂ ಪರಿಣಾಮವೂ ಬೇರೆ ಬೇರೆ ಋತುಗಳಲ್ಲಿ ಬಿದ್ದು, ಏಪ್ರಿಲಿನಲ್ಲಿ ಮಾಡಿದ ತಂತ್ರಾಂಶದ ಅಪ್‌ಡೇಟಿನ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಬ್ಯಾಟರಿಯ ಸಂಪರ್ಕ ತೆಗೆದು, ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಲ್ಲಿ ಹಿಡಿದು ಪದರವನ್ನು ಚಿಮುಟದಿಂದ ಎತ್ತಬೇಕು. ಹಾಸಿಗೆಯ ಮೇಲೆ ಕೌದಿ ಹಾಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ರೂಢಿಯನ್ನೂ ಬಿಡಬೇಕು. ಗಾಳಿ ಎಳೆಯುವ ಕಿಂಡಿ ಇರುವುದು ಕೆಳಗೇ.

ಲಿನಕ್ಸಿಗೇ ಸೇರಿದ ಕಾರಣಗಳು ಇಲ್ಲವೆಂದಲ್ಲ. ಬ್ರೌಸರು ವಿಡಿಯೊವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸದೆ ಪ್ರೊಸೆಸರಿನ ಮೇಲೆಯೇ ಬಿಡಿಸುವುದು, ಎರಡನೆಯ ಗ್ರಾಫಿಕ್ಸ್ ಕಾರ್ಡು ಕೆಲಸವಿಲ್ಲದೆಯೂ ಉರಿಯುತ್ತಿರುವುದು ಸಾಮಾನ್ಯ, ಟಾಪ್ ಆದೇಶದ ಪಟ್ಟಿಯಲ್ಲಿ ಮೊದಲನೆಯದರ ಸುಳಿವು ಸಿಗುತ್ತದೆ. ಇಂಟೆಲ್ ಯಂತ್ರಗಳಿಗೆ ಥರ್ಮಲ್‌ಡಿ ಎಂಬ ಸೇವೆಯೂ, ಉಳಿದವುಗಳಿಗೂ ಒದಗುವ ಟಿಎಲ್‌ಪಿ ಎಂಬ ಉಪಕರಣವೂ ಇವೆ. ಆದರೆ ಬಿರುಬೇಸಿಗೆಗೆ ಹೆಚ್ಚು ಫಲ ಕೊಡುವುದು ಟರ್ಬೊ, ಅಂದರೆ ಕ್ಷಣಿಕವಾಗಿ ನಿಗದಿಗಿಂತ ಹೆಚ್ಚು ವೇಗಕ್ಕೆ ಜಿಗಿಯುವ ಗುಣವನ್ನು ಆರಿಸುವುದು. ಬರೆವಣಿಗೆ, ಲೆಕ್ಕಪತ್ರದ ಕೆಲಸದಲ್ಲಿ ಅದರ ಕೊರತೆ ಗೊತ್ತಾಗುವುದೇ ಅಪರೂಪ.

ಸೆನ್ಸರ್ಸ್ ಆದೇಶ ತೋರುವ ಅಂಕಿಯನ್ನು ಬೆಳಗಿನ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಒಂದೇ ಕೆಲಸದ ನಡುವೆ ಬರೆದಿಟ್ಟು, ಅದರಲ್ಲಿ ಕೋಣೆಯ ಉಷ್ಣಾಂಶವನ್ನು ಕಳೆಯಬೇಕು. ಧೂಳು ತೆಗೆದ ಮೇಲೂ ಈ ಅಂತರ ಕುಗ್ಗದಿದ್ದರೆ, ಚಿಪ್ಪಿಗೂ ತಾಮ್ರದ ಕೊಳವೆಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆಯೆಂದು ತಿಳಿದು ಅದನ್ನು ಒರೆಸಿ ಹೊಸದನ್ನು ಹಚ್ಚಿಸುವುದೇ ಉಳಿದ ದಾರಿ.