ಸೋದರಿಕೆಯ ಲೆಕ್ಕ

ಕನ್ನಡದಲ್ಲಿ 'ಮಾವ' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ. ತಾಯಿಯ ಒಡಹುಟ್ಟಿದವನೂ ಮಾವ, ಮದುವೆಯಿಂದ ಒದಗುವ ಗಂಡನ ಇಲ್ಲವೆ ಹೆಂಡತಿಯ ತಂದೆಯೂ ಮಾವ. 'ಅತ್ತೆ'ಯ ಮಾತೂ ಹಾಗೆಯೇ. ಸೋದರಿಯ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಸೋದರಿಯ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಇದು ಶಬ್ದಗಳ ಬಡತನವೆಂದು ತಿಳಿಯಬಾರದು. ಇದರ ಹಿಂದೆ ಅಚ್ಚುಕಟ್ಟಾದ ಒಂದು ಯೋಜನೆಯಿದೆ. ದೊಡ್ಡಪ್ಪ, ಕಾಕಾ, ಚಿಕ್ಕಮ್ಮಂದಿರ ಮಕ್ಕಳೆಲ್ಲ ನಮಗೆ ಅಣ್ಣ ತಮ್ಮ, ಅಕ್ಕ ತಂಗಿಯರು. ಅವರೊಡನೆ ಮದುವೆಯ ಮಾತೇ ಇಲ್ಲ. ಮಾವನ ಮಕ್ಕಳು, ಅತ್ತೆಯ ಮಕ್ಕಳು ಮಾತ್ರ ಭಾವ, ಮೈದುನ, ಅತ್ತಿಗೆ, ನಾದಿನಿ. ಮಗು ತೊದಲು ನುಡಿಯುವ ವಯಸ್ಸಿನಲ್ಲಿಯೇ ಮುಂದೆ ಯಾರನ್ನು ವರಿಸಬಹುದು, ಯಾರನ್ನು ವರಿಸಕೂಡದು ಎಂಬುದನ್ನು ಭಾಷೆ ಅದರ ಕಿವಿಯಲ್ಲಿ ಉಸುರಿಬಿಟ್ಟಿರುತ್ತದೆ. ಈಗಿನ ಮಕ್ಕಳು ಎಲ್ಲರನ್ನೂ 'ಕಸಿನ್' ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಅದರಿಂದ ಶಬ್ದಗಳ ಶ್ರಮ ಕಡಿಮೆಯಾಗಿರಬಹುದು, ತಿಳಿವಳಿಕೆ ಹೆಚ್ಚಿದಂತೆ ಕಾಣುವುದಿಲ್ಲ.

ತರಗತಿಯಲ್ಲಿ ಬಂಧುವಾಚಕ ಶಬ್ದಗಳ ಪಾಠ ಬಂದಾಗಲೆಲ್ಲ ನಾನು ಈ ಯೋಜನೆಯ ಸೊಗಸನ್ನು ತುಸು ಹೆಮ್ಮೆಯಿಂದಲೇ ವಿವರಿಸುವುದುಂಟು. ಒಮ್ಮೆ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹೊರಗೆ ಪಡಸಾಲೆಯಲ್ಲಿ ನಿಂತು ಕೇಳಿದಳು: "ಸರ್, ಮನ್ಯಾಗ ನನ್ನ ನಮ್ಮ ಮಾಮಾಗ ಕೊಡತೀವಿ ಅಂತಾರ್ರೀ. ಮಕ್ಕಳು ಚೊಲೊ ಹುಟ್ಟತಾವೇನ್ರೀ?" ಸಪ್ತಾಪುರದ ಓಣಿಗಳಲ್ಲಿ ಕೋಣೆ ಹಿಡಿದು ಸ್ಪರ್ಧಾಪರೀಕ್ಷೆಗೆ ಓದುತ್ತಿರುವ ಸಾವಿರಾರು ಮಕ್ಕಳಲ್ಲಿ ಅವಳೂ ಒಬ್ಬಳು. ನಾನು ಶಬ್ದದ ಮಾತು ಆಡಿದ್ದೆ, ಅವಳು ಕೇಳಿದ್ದು ಬಸುರಿನ ಮಾತು. ಭಾಷೆಯ ಅಧ್ಯಾಪಕನಿಗೆ ಇದು ಹೊರಗಿನ ವಿಷಯವೆಂದು ಯಾರಾದರೂ ಹೇಳಬಹುದು. ಆದರೆ ಭಾಷೆಯೊಳಗೆ ಇಷ್ಟು ಆಳವಾಗಿ ಬೇರುಬಿಟ್ಟ ಪದ್ಧತಿಯ ಗೊಡವೆಯನ್ನು ವೈದ್ಯರಿಗಷ್ಟೇ ಬಿಟ್ಟು ಸುಮ್ಮನಿರುವುದು ನನಗೆ ಸರಿದೋರಲಿಲ್ಲ. ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಪದ್ಧತಿ ಹಳೆಯದು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರ ಎಣಿಸುತ್ತದೆ. ಒಂದು ಸೀಮೆಯ ಆಚಾರವನ್ನು ಇನ್ನೊಂದು ಸೀಮೆಯಲ್ಲಿ ನಡೆಸಿದರೆ ಮಾತ್ರ ದೋಷವೆಂದೂ ಹೇಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಪರಾಶರಸ್ಮೃತಿಗೆ ವ್ಯಾಖ್ಯಾನ ಬರೆಯುತ್ತ ಮಾವನ ಮಗಳ ವಿವಾಹವನ್ನು ಎತ್ತಿಹಿಡಿದರು. ಕುಂತಿ ವಸುದೇವನ ಸೋದರಿಯಾದುದರಿಂದ ಅರ್ಜುನನು ಕೈಹಿಡಿದ ಸುಭದ್ರೆ ಅವನ ಸೋದರಮಾವನ ಮಗಳೇ. ಯಕ್ಷಗಾನದ 'ಕನಕಾಂಗಿ ಕಲ್ಯಾಣ'ದಲ್ಲಿ ಅಭಿಮನ್ಯು ಬಲರಾಮನ ಮಗಳಿಗಾಗಿ ಹೋರಾಡುವುದೂ ಇದೇ ಹಕ್ಕಿನಿಂದ. ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ಮಾತು ಬೌಧಾಯನನ ಆ ಪಟ್ಟಿಯಲ್ಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಸೀಮೆ ಸೂತ್ರಕಾರನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ.

ಏಕೆ ಹೀಗೆ ಎಂಬುದಕ್ಕೆ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥದಲ್ಲಿ ಒಳ್ಳೆಯ ಬೆಳಕಿದೆ. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ. ದಕ್ಷಿಣದಲ್ಲಿ ಬಲ್ಲವರ ಮನೆಗೆ. ತಲೆಯ ಮೇಲಿನ ಸೆರಗು, ಮುಚ್ಚಿದ ಬಾಯಿ, ತವರಿನ ದೂರ, ಇವೆಲ್ಲ ಅಲ್ಲಿಯ ಸೊಸೆಯ ಪಾಲು. ಇಲ್ಲಿ ಅತ್ತೆಯೆಂದರೆ ತೊಟ್ಟಿಲು ತೂಗಿದ ಅದೇ ಅತ್ತೆ; ಸೋದರಮಾವನನ್ನು ವರಿಸಿದವಳಿಗೆ ಅತ್ತೆಯೇ ಅಜ್ಜಿ. ಹೊಲ ಹಂಚಿಹೋಗುವುದಿಲ್ಲ, ವರದಕ್ಷಿಣೆಯ ಚೌಕಾಸಿ ಸಡಿಲವಾಗುತ್ತದೆ, ಕಷ್ಟ ಬಂದರೆ ಎರಡೂ ಮನೆಯವರು ಒಂದೇ ಕಳ್ಳುಬಳ್ಳಿಯವರು. ಈ ಲಾಭಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ನಮ್ಮ ಹಳ್ಳಿಯ ಹೆಣ್ಣುಮಗಳ ಬಾಳನ್ನು ಹತ್ತಿರದಿಂದ ನೋಡಿದವರಲ್ಲ. 1955ರ ಹಿಂದೂ ವಿವಾಹ ಕಾಯಿದೆ ಕೂಡ ಸೋದರಮಾವ-ಸೊಸೆಯರನ್ನೂ ಅಣ್ಣ-ತಂಗಿಯರ ಮಕ್ಕಳನ್ನೂ ನಿಷಿದ್ಧ ಸಂಬಂಧಗಳ ಸಾಲಿಗೆ ಸೇರಿಸಿ, ರೂಢಿಯಿದ್ದಲ್ಲಿ ನಡೆಯಬಹುದೆಂದು ಬಾಗಿಲು ತೆರೆದಿಟ್ಟಿತು. ಅದರಿಂದಲೇ ನಮ್ಮ ಪದ್ಧತಿ ಕಾಯಿದೆಯ ಕಣ್ಣಿನಲ್ಲಿ ಅಪರಾಧವಾಗಲಿಲ್ಲ.

ಇನ್ನು ಬಸುರಿನ ಮಾತು. ನಮ್ಮ ದೇಹದ ಪ್ರತಿಯೊಂದು ಲಕ್ಷಣವನ್ನು ನಡೆಸುವ ವಂಶವಾಹಿಗಳು ಬಹುಮಟ್ಟಿಗೆ ಜೋಡಿಜೋಡಿಯಾಗಿರುತ್ತವೆ; ಒಂದು ತಾಯಿಯದು, ಒಂದು ತಂದೆಯದು. ಎರಡರಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸವನ್ನು ತೂಗಿಸಿಕೊಂಡು ಹೋಗುವ ಸಂದರ್ಭಗಳು ಬಹಳ. ಅಂಥ ದೋಷಕ್ಕೆ ದುರ್ಬಲ ದೋಷವೆನ್ನುತ್ತಾರೆ. ಎಷ್ಟೇ ಗಟ್ಟಿಮುಟ್ಟಾಗಿರುವ ಮನುಷ್ಯನಾದರೂ ಇಂಥ ಕೆಲವು ದೋಷಗಳನ್ನು ತನಗೇ ತಿಳಿಯದೆ ಹೊತ್ತಿರುತ್ತಾನೆ. ಗಂಡ ಹೆಂಡತಿ ಇಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಮಾತ್ರ ತೊಂದರೆ. ಆಗ ಪ್ರತಿಯೊಂದು ಬಸುರಿನಲ್ಲಿಯೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬರುವ ಸಂಭವ ನಾಲ್ಕರಲ್ಲಿ ಒಂದು. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆತನದ ಇಬ್ಬರಲ್ಲಿ ಒಂದೇ ದೋಷ ಕೂಡಿಬರುವುದು ಅಪರೂಪ. ಒಬ್ಬ ಅಜ್ಜನ ಮೊಮ್ಮಕ್ಕಳು ಗಂಡಹೆಂಡಿರಾದಾಗ ಅದು ಅಷ್ಟು ಅಪರೂಪವಲ್ಲ, ಏಕೆಂದರೆ ಅಜ್ಜನ ಬುತ್ತಿಯೇ ಎರಡು ದಾರಿಯಿಂದ ಬಂದು ಒಂದೇ ಮಗುವಿನ ಪಾಲಿಗೆ ಸೇರುತ್ತದೆ.

ಭಾಷೆಯ ಲೆಕ್ಕವೂ ಪ್ರಕೃತಿಯ ಲೆಕ್ಕವೂ ಬೇರೆಯಾಗುವುದು ಇಲ್ಲಿಯೇ. ಕಾಕಾನ ಮಗಳು ತಂಗಿ, ಮಾವನ ಮಗಳು ಹೆಂಡತಿಯಾಗತಕ್ಕವಳು ಎಂದು ಕನ್ನಡ ವಿಂಗಡಿಸುತ್ತದೆ. ವಂಶವಾಹಿಗೆ ಈ ವಿಂಗಡಣೆ ತಿಳಿಯದು. ಇಬ್ಬರೊಡನೆಯೂ ನಾವು ಹಂಚಿಕೊಂಡಿರುವುದು ಎಂಟರಲ್ಲಿ ಒಂದು ಪಾಲೇ. ಸೋದರಮಾವನೊಡನೆ ಹಂಚಿಕೊಂಡಿರುವುದಾದರೋ ನಾಲ್ಕರಲ್ಲಿ ಒಂದು. ಮಾವನ ಮಗನಿಗಿಂತ ಮಾವನೇ ಇಮ್ಮಡಿ ಹತ್ತಿರದವನು. ನಮ್ಮ ಆಡುಮಾತಿನಲ್ಲಿ ಎರಡೂ 'ಸೋದರಿಕೆ'ಯೇ ಆದುದರಿಂದ ಈ ಅಂತರ ಯಾರ ಗಮನಕ್ಕೂ ಬಂದಂತಿಲ್ಲ.

ಇದನ್ನು ನಮ್ಮ ನಾಡಿನಲ್ಲಿಯೇ ಅಳೆದು ನೋಡಿದವರಿದ್ದಾರೆ ಎಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ. ರಾಧಾರಮಾದೇವಿ, ಎಚ್. ಎಸ್. ಸಾವಿತ್ರಿ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ಒಂದೊಂದು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸಿದರು. ಆಹಾರದ ಸಾರವನ್ನು ದೇಹ ಅರಗಿಸಿಕೊಳ್ಳಲಾರದ ಹುಟ್ಟುದೋಷಗಳನ್ನು ಬೇಗ ಗುರುತಿಸುವುದು ಉದ್ದೇಶ. ಜೊತೆಗೆ ತಾಯಿತಂದೆಯರ ನಂಟನ್ನೂ ಕೇಳಿ ಬರೆದುಕೊಂಡರು. ಲಂಡನ್ನಿನ ಎ. ಎಚ್. ಬಿಟಲ್ಸ್ ಅವರೊಡನೆ ಸೇರಿ 1980ರಿಂದ 1989ರವರೆಗಿನ ಒಂದು ಲಕ್ಷ ಏಳು ಸಾವಿರಕ್ಕೂ ಮಿಕ್ಕ ದಂಪತಿಗಳ ವಿವರವನ್ನು ಪ್ರಕಟಿಸಿದರು. ಅವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಒಬ್ಬರು ರಕ್ತಸಂಬಂಧದಲ್ಲಿಯೇ ಮದುವೆಯಾದವರು. ಹಿಂದೂಗಳಲ್ಲಿ ಸೋದರಮಾವನೂ ಮಾವನ ಮಗಳೂ ಹೆಚ್ಚು. ಸೋದರಮಾವನ ಮದುವೆ ನಿಷಿದ್ಧವಾದ ಮುಸಲ್ಮಾನರಲ್ಲಿ ಸೋದರರ, ಸೋದರಿಯರ ಮಕ್ಕಳು. ದುರ್ಬಲ ದೋಷದ ಕಾಯಿಲೆಗಳು ಸಂಬಂಧದೊಳಗಿನ ಮದುವೆಯ ಮಕ್ಕಳಲ್ಲಿ ಹೆಚ್ಚೆಂಬುದೂ ಈ ಕೆಲಸದಿಂದ ಕಂಡುಬಂತು. ಇಂದಿಗೂ ಚಿತ್ರ ಬಹಳ ಬದಲಾಗಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 27 ಮಂದಿ ರಕ್ತಸಂಬಂಧಿಯನ್ನೇ ವರಿಸಿದವರು, ಇಡೀ ದೇಶದ ಸರಾಸರಿ ನೂರಕ್ಕೆ 11.

ಹಾಗಾದರೆ ಅಪಾಯ ಎಷ್ಟು? ಯಾವ ನಂಟೂ ಇಲ್ಲದ ದಂಪತಿಗಳಿಗೆ ಹುಟ್ಟುವ ನೂರು ಮಕ್ಕಳಲ್ಲಿಯೂ ಎರಡು ಮೂರು ಮಕ್ಕಳಿಗೆ ಗಂಭೀರವಾದ ಹುಟ್ಟುದೋಷವಿರುತ್ತದೆ. ಮಾವನ ಇಲ್ಲವೆ ಅತ್ತೆಯ ಮಕ್ಕಳ ನಡುವಿನ ಮದುವೆಯಲ್ಲಿ ಈ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ನೂರಕ್ಕೆ ಮೂರು, ನೂರಕ್ಕೆ ಆರು ಎಂದೇ ಹೇಳಿತು. ಅಂದರೆ ನೂರರಲ್ಲಿ ತೊಂಬತ್ತನಾಲ್ಕು ಮಕ್ಕಳು ಈ ದೋಷಗಳಿಲ್ಲದೆ ಹುಟ್ಟುತ್ತವೆ. ಸೋದರಮಾವನ ವಿಷಯದಲ್ಲಿ ಲೆಕ್ಕ ಇದಕ್ಕಿಂತ ಬಿಗಿ. ತಲೆತಲಾಂತರದಿಂದ ಒಳಗೊಳಗೇ ಕೊಟ್ಟು ತಂದ ಮನೆತನವಾದರೆ ಇನ್ನೂ ಬಿಗಿ. ಮನೆಯಲ್ಲಿ ಆಗಲೇ ಕಿವುಡು ಮೂಗಿನ ಮಗುವೋ, ಎಳೆಯ ವಯಸ್ಸಿನಲ್ಲಿ ಕಾರಣ ತಿಳಿಯದೆ ತೀರಿಹೋದ ಕೂಸುಗಳೋ ಇದ್ದರೆ ಸರಾಸರಿಯ ಮಾತನ್ನೇ ಬಿಡಬೇಕು. ಅಲ್ಲಿ ಆ ಮನೆಯ ಲೆಕ್ಕವೇ ಬೇರೆ.

"ನಮ್ಮ ಅಜ್ಜಿ ಅಜ್ಜನೂ ಸೋದರಿಕೆಯವರೇ, ಅವರ ಮಕ್ಕಳಿಗೇನಾಗಿದೆ?" ಎಂಬುದು ಎಲ್ಲೆಡೆ ಕೇಳುವ ವಾದ. ಈ ವಾದದೊಡನೆ ಒದ್ದಾಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಕೂಡ ಒಬ್ಬ. ಅವನು 1839ರಲ್ಲಿ ಮದುವೆಯಾದ ಎಮ್ಮಾ ಅವನ ಸೋದರಮಾವನ ಮಗಳೇ. ನಮ್ಮ ಭಾಷೆಯಲ್ಲಿ ಅಚ್ಚ ಸೋದರಿಕೆ. ಹತ್ತು ಮಕ್ಕಳಲ್ಲಿ ಮೂವರು ಎಳೆತನದಲ್ಲೇ ತೀರಿಹೋದರು. ತನ್ನ ಮದುವೆಯೇ ಕಾರಣವಿರಬಹುದೆ ಎಂಬ ಸಂದೇಹ ಅವನನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಸೋದರಸಂಬಂಧದ ಮದುವೆಯ ಪ್ರಶ್ನೆಯನ್ನೂ ಸೇರಿಸಬೇಕೆಂದು ಅವನು ಪ್ರಯತ್ನಪಟ್ಟ, ಪಾರ್ಲಿಮೆಂಟು ಒಪ್ಪಲಿಲ್ಲ. ಮಗ ಜಾರ್ಜ್ ಡಾರ್ವಿನ್ ತನಗೆ ದೊರೆತ ಸಾಧನಗಳಿಂದಲೇ ಲೆಕ್ಕ ಹಾಕಿ 1875ರಲ್ಲಿ ಅಪಾಯ ಜನ ಭಾವಿಸಿದಷ್ಟು ದೊಡ್ಡದಲ್ಲವೆಂದು ಬರೆದ. ತಂದೆಯ ಮನಸ್ಸಿಗೆ ಅದರಿಂದ ಎಷ್ಟು ಸಮಾಧಾನವಾಯಿತೋ!

ಸೋದರಿಕೆಗೆ ಸಂಬಂಧವಿಲ್ಲದ ದೋಷಗಳನ್ನೂ ಅದರ ಖಾತೆಗೆ ಬರೆಯುವ ಚಟ ನಮ್ಮಲ್ಲಿದೆ. ಡೌನ್ ಲಕ್ಷಣಗಳ ಮಗು ಹುಟ್ಟುವ ಸಂಭವ ಹೆಚ್ಚುವುದು ತಾಯಿಯ ವಯಸ್ಸಿನೊಡನೆ: ಇಪ್ಪತ್ತೈದರಲ್ಲಿ ಸುಮಾರು 1,250ಕ್ಕೆ ಒಂದು, ನಲವತ್ತರಲ್ಲಿ ಸುಮಾರು ನೂರಕ್ಕೆ ಒಂದು. ಇದಕ್ಕಿಂತ ಕಹಿಯಾದ ನಿದರ್ಶನ ಮಲೆನಾಡಿನದು. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾರದೆ ತೆವಳುವ ಜನ ಕಣ್ಣಿಗೆ ಬಿದ್ದರು. ಹೆಚ್ಚಿನವರು ಚಲವಾದಿ, ಚನ್ನಂಗಿ ಸಮಾಜಗಳ ಬಡ ಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ದೇಹ ಸೇರಿತೆಂದು ಮೊದಲು ಸಂದೇಹಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ಪರಿಶೀಲಿಸಿ 1977ರಲ್ಲಿ ಇದು ಕುಟುಂಬಗಳನ್ನು ಹಿಡಿದು ನಡೆಯುವ ಕಾಯಿಲೆಯೆಂದು ಬರೆದರು. ಮುಂದಿನ ಸಂಶೋಧನೆ ಇದನ್ನು ಪ್ರಬಲ ದೋಷವೆಂದು ಗುರುತಿಸಿತು: ತಾಯಿತಂದೆಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಹಾಗೆ ಹರಡಲು ಸೋದರಿಕೆಯ ಮದುವೆಯೇ ಬೇಕಿಲ್ಲ. ಹೊರಗಿನ ಹೆಣ್ಣನ್ನು ತಂದರೂ ಅದು ತಪ್ಪುವುದಿಲ್ಲ. ಆದರೂ ಊರಿನ ಹೆಸರೇ ಕಾಯಿಲೆಯ ಹೆಸರಾಗಿ ನಿಂತಿತು.

ಇಂಥ ಅಂಕಿಗಳು ದ್ವೇಷ ಸಾಧಿಸುವವರ ಕೈಗೆ ಸಿಕ್ಕಾಗ ಏನಾಗುತ್ತದೆಂಬುದಕ್ಕೆ ಕಳೆದ ಶತಮಾನ ಸಾಕ್ಷಿಯಾಗಿದೆ. ಡಾರ್ವಿನ್ನನ ಬಂಧುವೇ ಆದ ಗಾಲ್ಟನ್ 1883ರಲ್ಲಿ ಸಂತಾನ ಸುಧಾರಣೆಯ ಶಾಸ್ತ್ರಕ್ಕೊಂದು ಹೆಸರಿಟ್ಟ. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ 'ಅಯೋಗ್ಯ'ರ ಬಲವಂತದ ಸಂತಾನಹರಣಕ್ಕೆ ಕಾಯಿದೆ ಮಾಡಿತು. 1933ರಲ್ಲಿ ಹಿಟ್ಲರನ ಜರ್ಮನಿ ಅದನ್ನೇ ಭೀಕರವಾಗಿ ವಿಸ್ತರಿಸಿತು. ಇಂದೂ ಒಂದು ಜಾತಿಯನ್ನೋ ಧರ್ಮವನ್ನೋ ಹೀಗಳೆಯಲು 'ಅವರು ಒಳಗೊಳಗೇ ಮದುವೆಯಾಗುವವರು' ಎಂದು ಕೊಂಕು ನುಡಿಯುವವರಿಗೆ ಕೊರತೆಯಿಲ್ಲ. ನೂರಕ್ಕೆ ಇಪ್ಪತ್ತೇಳು ಎಂಬ ನಮ್ಮ ಅಂಕಿಯೊಳಗೆ ಎಲ್ಲ ಜಾತಿಗಳೂ ಎಲ್ಲ ಧರ್ಮಗಳೂ ಇವೆಯೆಂಬುದು ಅವರಿಗೆ ಬೇಡ. ಮನೆಯೊಳಗಾದರೆ ಕೊಂಕು ನೇರವಾಗಿ ತಾಯಿಯ ಮೇಲೆ ಬೀಳುತ್ತದೆ. ದುರ್ಬಲ ದೋಷದಲ್ಲಿ ಅರ್ಧ ತಂದೆಯದು, ಅರ್ಧ ತಾಯಿಯದು. ಆದರೆ ಬಾಣಂತಿಯ ಕೋಣೆಯ ಹೊರಗೆ ಗಂಡಿನ ಅರ್ಧವನ್ನು ಎಣಿಸಿದವರನ್ನು ನಾನು ಕಂಡಿಲ್ಲ.

ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟು: ಅಪಾಯ ನಿಜ, ಶಾಪವಲ್ಲ, ಮಾವನಾದರೆ ಮಾವನ ಮಗನಿಗಿಂತ ಹೆಚ್ಚು. ಒಪ್ಪುವುದು ಬಿಡುವುದು ನಿನ್ನ ಹಕ್ಕು, ಮೊದಲು ಓದು ಮುಗಿಸು. ಒಪ್ಪುವುದಾದರೆ ಮದುವೆಗೆ, ತಪ್ಪಿದರೆ ಬಸುರಿಗೆ ಮೊದಲೇ ಇಬ್ಬರೂ ವಂಶವಾಹಿ ಸಲಹೆ ನೀಡುವ ವೈದ್ಯರ ಬಳಿಗೆ ಹೋಗಿ, ಮೂರು ತಲೆಮಾರಿನ ವಂಶವೃಕ್ಷ ಬರೆಯಿಸಿ. ಮನೆತನದಲ್ಲಿ ಯಾವ ಕಾಯಿಲೆ ಇತ್ತೆಂಬುದನ್ನು ಮುಚ್ಚಿಡದೆ ಹೇಳಿ. ಥಲಸ್ಸೀಮಿಯಾದಂಥ ಕೆಲವು ದೋಷಗಳನ್ನು ಹೊತ್ತಿರುವರೋ ಇಲ್ಲವೋ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಬಸುರಾದ ಮೇಲೆ ಹದಿನೆಂಟರಿಂದ ಇಪ್ಪತ್ತು ವಾರಗಳ ನಡುವಿನ ಸ್ಕ್ಯಾನ್ ತಪ್ಪಿಸಬೇಡಿ; ಕೂಸು ಹುಟ್ಟಿದ ಮೇಲೆ ಕಿವಿಯ ಪರೀಕ್ಷೆ, ಹಿಮ್ಮಡಿಯ ಒಂದು ಹನಿ ರಕ್ತದ ಪರೀಕ್ಷೆ. ಬೇಗ ಗೊತ್ತಾದರೆ ಪಥ್ಯದಿಂದಲೇ ಹತೋಟಿಗೆ ಬರುವ ದೋಷಗಳೂ ಇವೆ.

ಈ ವಂಶವೃಕ್ಷ ಬರೆಯುವಲ್ಲಿಯೇ ಭಾಷೆಯ ತೊಡಕು ಮತ್ತೆ ಎದುರಾಗುತ್ತದೆ. "ರಕ್ತಸಂಬಂಧದಲ್ಲಿ ಮದುವೆಯೇ?" ಎಂದು ಕೇಳಿದರೆ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇಲ್ಲವೆನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ; ಅವರ ಪಾಲಿಗೆ ರಕ್ತಸಂಬಂಧವೆಂದರೆ ಅಣ್ಣ ತಮ್ಮಂದಿರು, ಮಾವನ ಮನೆಯವರು ಬೀಗರು. 'ದೂರದ ನೆಂಟರು' ಎಂಬ ಉತ್ತರ ಇನ್ನೂ ಮೋಸದ್ದು. ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಒಬ್ಬ ಆಶಾ ಕಾರ್ಯಕರ್ತೆ ಇದಕ್ಕೆ ತನ್ನದೇ ದಾರಿ ಕಂಡುಕೊಂಡಿದ್ದಾಳೆ. ಅವಳು ಬಸುರಿಯ ಪಕ್ಕದಲ್ಲಿ ಕುಳಿತು ಕೇಳುವುದು ಒಂದೇ ಪ್ರಶ್ನೆ: "ಲಗ್ನಕ್ಕಿಂತ ಮೊದಲ ನಿನ್ನ ಗಂಡಗ ನೀ ಏನಂತ ಕರೀತಿದ್ದಿ, ತಂಗೀ?" ಮಾಮಾ ಎನ್ನುತ್ತಾರೆ, ಭಾವ ಎನ್ನುತ್ತಾರೆ, ಕರೆಯುತ್ತಿರಲಿಲ್ಲ, ಗುರುತೇ ಇರಲಿಲ್ಲ ಎನ್ನುತ್ತಾರೆ. ಅವಳು ಆ ಶಬ್ದವನ್ನೇ ಹಾಗೆಯೇ ವಹಿಯಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ.