ಹತೋಟಿಗೆ ಸಿಗದ ಮಗು

ಕೊಯ್ಲಿನ ದಿನಗಳಲ್ಲಿ ಉತ್ತರ ಕರ್ನಾಟಕದ ಕಡೆಯಿಂದ ಕೆಲಸಕ್ಕೆ ಬರುವ ಸಂಸಾರಗಳು ನಮ್ಮ ಬೆಳೆಗಾರರಿಗೆ ಹೊಸಬರಲ್ಲ. ರಾಯಚೂರು, ದೇವದುರ್ಗ, ಮಾನ್ವಿ ಎಂಬ ಊರುಗಳ ಹೆಸರು ಲೈನ್ ಮನೆಗಳಲ್ಲಿ ಕೇಳಿಬರುತ್ತದೆ. ಕೃಷ್ಣೆ ತುಂಗಭದ್ರೆಯರ ನಡುವಣ ಸೀಮೆ ಅದು. ಮಾನ್ವಿಯಲ್ಲಿ ಕಾಲುವೆ ನೀರಿನ ಭತ್ತವಿದ್ದರೂ ಭೂಮಿಯಿಲ್ಲದವನಿಗೆ ವರ್ಷವಿಡೀ ಕೆಲಸವಿಲ್ಲ. ದೇವದುರ್ಗವನ್ನಂತೂ ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. ಹೀಗೆ ಬಂದವರೊಂದಿಗೆ ಮಕ್ಕಳೂ ಬರುತ್ತಾರೆ. ಅವರಲ್ಲಿ ಒಂದು ಮಗು ಯಾರ ಮಾತಿಗೂ ಬಗ್ಗದೆ, ಕಚ್ಚುತ್ತ, ಹೊಡೆಯುತ್ತ, ಕಣ್ಣು ತಪ್ಪಿಸಿ ಓಡುತ್ತ ಇದ್ದರೆ ತಾಯಿ ಏನು ಮಾಡಬೇಕು? ಕೆಲಸ ಬಿಟ್ಟರೆ ಕೂಲಿ ಇಲ್ಲ. ಮಗುವನ್ನು ಬಿಟ್ಟರೆ ತೋಟದ ಕೆರೆ ಇದೆ, ಔಷಧಿ ಕೊಠಡಿ ಇದೆ. ಕೊನೆಗೆ ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿಹಾಕುವುದೊಂದೇ ಅವಳಿಗೆ ತೋಚುವ ದಾರಿ. ಇಂಥ ಮಕ್ಕಳು ಮಾಲೀಕರ ಮನೆಗಳಲ್ಲೂ ಇಲ್ಲದಿಲ್ಲ. ಅಲ್ಲಿ ಬಾಗಿಲು ಹಾಕಿಕೊಳ್ಳುವ ಅನುಕೂಲವಿದೆ, ಅಷ್ಟೆ.

ಹಠ ಎಲ್ಲ ಮಕ್ಕಳಲ್ಲೂ ಉಂಟು. ಆದರೆ ಆರು ತಿಂಗಳಿಗೂ ಮೀರಿ, ಓರಗೆಯ ಮಕ್ಕಳಿಗಿಂತ ಎದ್ದು ಕಾಣುವಂತೆ, ತನಗೋ ಇತರರಿಗೋ ಪೆಟ್ಟಾಗುವ ಮಟ್ಟಿಗೆ ಅದು ನಡೆದರೆ ವೈದ್ಯರಿಗೆ ತೋರಿಸಬೇಕಾದ ಸಂಗತಿ. ಹೊರಗೆ ಒಂದೇ ರೀತಿ ಕಂಡರೂ ಒಳಗಿನ ಕಾರಣ ಒಂದೇ ಅಲ್ಲ. ಅತಿ ಚಟುವಟಿಕೆಯ ತೊಂದರೆ ಇರಬಹುದು, ಆಟಿಸಂ ಇರಬಹುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗಿರಬಹುದು, ಮೂರ್ಛೆರೋಗವಿರಬಹುದು, ಕಿವಿಯೇ ಕೇಳದಿರಬಹುದು. ಮಾತು ಬಾರದ ಮಗು ಕಿವಿನೋವಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದುಂಟು. ನೋಡುವವರಿಗೆ ಅದು ಹುಚ್ಚಾಟ, ಇಲ್ಲವೇ ಗಾಳಿ ಸೋಕಿದ್ದು.

ಎಲ್ಲಕ್ಕೂ ತಾಯಿಯನ್ನು ದೂರುವ ಚಾಳಿ ನಮ್ಮ ಹಳ್ಳಿಗಳದ್ದು ಮಾತ್ರವಲ್ಲ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಆಟಿಸಂ ಬರುತ್ತದೆಂದು ಅಮೆರಿಕದ ಪಂಡಿತರೇ ಬಹುಕಾಲ ಹೇಳುತ್ತಿದ್ದರು. ಅಂಥ ಮಗುವಿನ ತಂದೆಯೇ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಾಂಡ್ 1964ರಲ್ಲಿ ಪುಸ್ತಕ ಬರೆದು ಆ ವಾದವನ್ನು ಪ್ರಶ್ನಿಸಿದ. ನಮ್ಮಲ್ಲಿ ಅತ್ತೆಯರಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಕಾರಣ ಏನೇ ಇರಲಿ, ಮನೆಯೊಳಗೆ ಜಗಳ ಬೆಳೆಯುವ ಬಗೆಯನ್ನು ತಿಳಿದುಕೊಂಡರೆ ಅರ್ಧ ಕೆಲಸವಾದಂತೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞ ಮನೆಮನೆಗಳಲ್ಲಿ ನಡೆಯುವುದನ್ನು ಗಮನಿಸಿ 1982ರಲ್ಲಿ ಈ ಕುರಿತು ಗ್ರಂಥವನ್ನೇ ಬರೆದ. ಸಂತೆಯ ಉದಾಹರಣೆಯಿಂದ ಹೇಳುವುದಾದರೆ ಹೀಗೆ: ಹುಡುಗ ಬಿಸ್ಕತ್ತಿಗಾಗಿ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಹತ್ತು ಜನ ನೋಡುತ್ತಾರೆ. ತಾಯಿ ನಾಚಿಕೆಯಿಂದ ಕೊಡಿಸುತ್ತಾಳೆ, ಹುಡುಗ ಸುಮ್ಮನಾಗುತ್ತಾನೆ. ಹೊರಳಾಡಿದರೆ ಸಿಗುತ್ತದೆಂದು ಹುಡುಗ ಕಲಿತ. ಕೊಟ್ಟರೆ ಸುಮ್ಮನಾಗುತ್ತಾನೆಂದು ತಾಯಿ ಕಲಿತಳು. ಮುಂದಿನ ಸಂತೆಗೆ ಅವಳು ಗಟ್ಟಿ ಮನಸ್ಸು ಮಾಡಿದರೆ ಅವನು ಇನ್ನೂ ಜೋರು ಮಾಡುತ್ತಾನೆ, ಅವಳು ಸೋಲುತ್ತಾಳೆ; ಈಗ ಆ ಹೆಚ್ಚಿನ ಜೋರಿಗೇ ಬೆಲೆ ಕೊಟ್ಟಂತಾಯಿತು. ತಂದೆಯ ಏಟಿನ ಕಥೆಯೂ ಇದೇ. ಹೊಡೆದ ಕ್ಷಣ ಮಗು ಸುಮ್ಮನಾಗುವುದರಿಂದ ಏಟು ಫಲಿಸಿತೆಂದು ಅಪ್ಪನಿಗೆ ಅನ್ನಿಸುತ್ತದೆ. ಬಲವಿದ್ದವನು ಹೊಡೆಯಬಹುದೆಂಬ ಪಾಠ ಮಗುವಿಗೆ ಸಿಗುತ್ತದೆ, ಮರುದಿನ ಅದು ತಂಗಿಯ ಮೇಲೆ ಪ್ರಯೋಗವಾಗುತ್ತದೆ.

ಈ ಗಂಟನ್ನು ಬಿಡಿಸಲು ವೈದ್ಯರು ತಂದೆತಾಯಿಗಳಿಗೆ ಹೇಳಿಕೊಡುವ ಕ್ರಮ ಕೇಳಲು ಸರಳ, ಮಾಡಲು ಕಷ್ಟ. ಮಗು ಸರಿಯಾಗಿರುವ ಹೊತ್ತನ್ನು ಹುಡುಕಿ ಮಾತನಾಡಿಸಬೇಕು, ಮೆಚ್ಚಬೇಕು. ದಿನವೆಲ್ಲ ಬೈಗುಳ ಕೇಳಿದ ಮಗುವಿಗೆ ಇದೇ ಮೊದಲ ಔಷಧ. ಹೇಳುವುದನ್ನು ಹತ್ತಿರ ಹೋಗಿ, ಒಂದೇ ಮಾತಿನಲ್ಲಿ ಹೇಳಬೇಕು. ರಂಪ ಮಾಡಿ ಕೇಳಿದ್ದನ್ನು ಕೊಡಬಾರದು. ಅಮ್ಮ ಬೇಡವೆಂದದ್ದನ್ನು ಅಜ್ಜಿ ಸೆರಗಿನಲ್ಲಿ ಮುಚ್ಚಿಟ್ಟು ಕೊಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ಮುಖ್ಯವಾಗಿ ನೆನಪಿಡಬೇಕಾದದ್ದು: ಹೀಗೆ ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ರಂಪ ಇಳಿಯುವುದಿಲ್ಲ, ಏರುತ್ತದೆ. ಬಹಳಷ್ಟು ತಂದೆತಾಯಿಗಳು ಕೈಬಿಡುವುದು ಇಲ್ಲಿಯೇ. ಮಗು ತನ್ನನ್ನೇ ಗಾಯಮಾಡಿಕೊಳ್ಳುತ್ತಿದ್ದರೆ ಮಾತ್ರ ಇದನ್ನು ಮನೆಯಲ್ಲೇ ಪ್ರಯೋಗಿಸದೆ ತಜ್ಞರನ್ನು ಕೇಳಿಯೇ ಮಾಡಬೇಕು. ಮಳೆ ಹಿಡಿಯುವ ಮುನ್ನವೇ ಬೋರ್ಡೋ ಹೊಡೆಯುವವರು ನಾವು. ಯಾವ ಹೊತ್ತಿನಲ್ಲಿ, ಯಾವುದರ ಹಿಂದೆ ಮಗು ಕೆರಳುತ್ತದೆ ಎಂದು ಒಂದು ವಾರ ಬರೆದಿಟ್ಟರೆ ಹಸಿವು, ನಿದ್ದೆಗೇಡು, ಗದ್ದಲ ಎಂಬ ಕಾರಣಗಳು ತಾವಾಗಿಯೇ ಕಾಣಿಸತೊಡಗುತ್ತವೆ.

ಕಟ್ಟಿಹಾಕುವ ವಿಷಯ. ತಮಿಳುನಾಡಿನ ಎರವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಮಾನಸಿಕ ರೋಗಿಯನ್ನು ಯಾವುದೇ ರೀತಿಯಲ್ಲೂ ಸರಪಳಿಯಲ್ಲಿಡಕೂಡದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ. ಆದರೆ ಕಾಯಿದೆಯೊಂದು ಕೂಲಿಯ ತಾಯಿಯ ಬದಲಿಗೆ ಮಗುವನ್ನು ನೋಡಿಕೊಳ್ಳಲಾರದು. ಔಷಧಿ ಕೊಠಡಿಗೆ ಬೀಗ, ಕೆರೆಗೆ ಬೇಲಿ, ಲೈನಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕೂಲಿ ಕೊಟ್ಟು ಒಬ್ಬ ಹೆಂಗಸು. ಇಷ್ಟು ತೋಟದವರು ಮಾಡಬಹುದಾದದ್ದು. ಖರ್ಚಾಗುತ್ತದೆ, ನಿಜ.

ಆ ಸೀಮೆಯಲ್ಲೇ ಸಹಾಯ ಸಿಗುವ ಜಾಗಗಳೂ ಇವೆ. ರಾಯಚೂರು ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ದೇವದುರ್ಗದಲ್ಲಿ ಸಮೂಹ ಎಂಬ ಸಂಸ್ಥೆ 1980ರ ದಶಕದಲ್ಲೇ ಕೆಲಸ ಆರಂಭಿಸಿ, ಮುಂದೆ ಅಂಗವಿಕಲರ ಪುನರ್ವಸತಿಯನ್ನು ಹಳ್ಳಿಗಳಲ್ಲೇ ಕೈಗೊಂಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಿಸುತ್ತದೆ. ಆಟಿಸಂ, ಅತಿ ಚಟುವಟಿಕೆಗಳೂ ಅದರ ಪಟ್ಟಿಯಲ್ಲಿವೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿ ತಂದೆ ಅಥವಾ ತಾಯಿಯೂ ಮಗುವಿನ ಜೊತೆ ಉಳಿಯುತ್ತಾರೆ. ಚಿಕಿತ್ಸೆ ಅವರ ಕೈಯಿಂದಲೇ ಮುಂದುವರಿಯಬೇಕಲ್ಲ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ, ಖರ್ಚಿಲ್ಲದೆ ಸಲಹೆ ಕೇಳಬಹುದು. ದೇವರಿಗೆ, ದರ್ಗಾಕ್ಕೆ ಹರಕೆ ಹೊತ್ತವರು ಅದನ್ನು ತೀರಿಸಲಿ, ಆಸ್ಪತ್ರೆಗೂ ಹೋಗಲಿ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆ ಸೇರಿ 21 ಬಗೆಗಳಿವೆ. ಅದರಡಿ ಸಿಗುವ ಯುಡಿಐಡಿ ಕಾರ್ಡು ದೇಶದಾದ್ಯಂತ ನಡೆಯುತ್ತದೆ. ರಾಯಚೂರಿನಲ್ಲಿ ಮಾಡಿಸಿದ್ದು ಚಿಕ್ಕಮಗಳೂರಿನಲ್ಲೂ ಸಲ್ಲುತ್ತದೆ. ಬರೀ ತುಂಟತನಕ್ಕೆ ಕಾರ್ಡು ಸಿಗುವುದಿಲ್ಲ.

ಇನ್ನೊಂದು ಮಾತು ರೈಟರುಗಳಿಗೆ. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮರುಕಳಿಸಿ ಜೀವಕ್ಕೇ ಅಪಾಯವಾಗಬಹುದು. ಊರಿನಿಂದ ತಂದ ಮಾತ್ರೆ ತೋಟದಲ್ಲಿ ಮುಗಿಯುವುದು ಸಾಮಾನ್ಯ. ಕೆಲಸಕ್ಕೆ ಹೆಸರು ಬರೆದುಕೊಳ್ಳುವ ದಿನವೇ ಮಗುವಿಗೆ ಔಷಧ ನಡೆಯುತ್ತಿದೆಯೇ ಎಂದು ಕೇಳಿ, ಚೀಟಿಯನ್ನೂ ಖಾಲಿ ಪೊಟ್ಟಣವನ್ನೂ ತೆಗೆದಿಡಿಸಿ. ಆಸ್ಪತ್ರೆಗೆ ಹೋಗುವ ದಿನ ತಾಯಿಯ ಕೂಲಿ ಹಿಡಿಯಬೇಡಿ.