ಸೈಕಲ್ ಸವಾರರ ಸಾಲೂ ಗಾಳಿಯ ತಡೆಯೂ

ವಿಜಯಪುರ, ಬಾಗಲಕೋಟೆಗಳ ಕಡೆಯ ಹೆದ್ದಾರಿಗಳಲ್ಲಿ ಮುಂಜಾವಿನ ಹೊತ್ತು ಸಂಚರಿಸಿದವರು ಈ ನೋಟವನ್ನು ಕಂಡಿರಬಹುದು. ಒಂದು ಕಡೆ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು, ನೆಟ್ಟಗೆ ಕುಳಿತು, ನಿಧಾನವಾಗಿ ಪೆಡಲು ತುಳಿಯುವ ಸವಾರ. ಮತ್ತೊಂದು ಕಡೆ ಹೆಲ್ಮೆಟ್ಟು ಧರಿಸಿ, ಹ್ಯಾಂಡಲಿನ ಮೇಲೆ ಮೈಬಾಗಿಸಿ, ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡಂತೆ ಸಾಗುವ ಸ್ಪರ್ಧಾಳುಗಳ ತಂಡ. ಕರ್ನಾಟಕದ ಹೆಸರಾಂತ ಸೈಕಲ್ ಪಟುಗಳಲ್ಲಿ ಅನೇಕರು ಈ ಎರಡು ಜಿಲ್ಲೆಗಳವರು. ರಸ್ತೆಯೆಲ್ಲ ಪಿತ್ರಾರ್ಜಿತವೆಂಬಂತೆ ತಂಡದವರು ಹೋಗುವರೆಂದು ಸಾಧಾರಣ ಸವಾರನ ದೂರು. ಅವನು ಅಡ್ಡ ಬರುವನು, ಇಲ್ಲವೇ ಹೇಳದೆ ಕೇಳದೆ ಬೆನ್ನಿಗೆ ಬೀಳುವನೆಂದು ತಂಡದವರ ದೂರು.

ನಾನು ಸಾಧಾರಣ ಸವಾರರ ಪಂಗಡದವನು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುತ್ತಿದ್ದಾಗ ಎಂಟು ಹುಡುಗರ ತಂಡವೊಂದು ನನ್ನನ್ನು ದಾಟಿ ಮುಂದೆ ಸಾಗಿತು. ಅಭಿಮಾನ ಕೆರಳಿತೆಂದು ಒಪ್ಪಿಕೊಳ್ಳಲೇಬೇಕು. ರಸ್ತೆಯುಬ್ಬಿನ ಬಳಿ ಅವರು ನಿಧಾನಿಸಿದಾಗ ಬಲವಾಗಿ ತುಳಿದು, ಸಾಲಿನ ನಡುವೆ ಕಂಡ ತೆರಪಿನೊಳಗೆ ನುಗ್ಗಿದೆನು. ದಿನವೂ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವ ನಾನು 30 ಕಿಲೋಮೀಟರ್ ವೇಗದಲ್ಲಿ, ಅದೂ ಏದುಸಿರಿಲ್ಲದೆ, ಸಾಗುತ್ತಿದ್ದೆನು! ಒಂದು ಕಿಲೋಮೀಟರ್ ಕಳೆದಿರಬಹುದು. ನಾಯಿಯೊಂದು ರಸ್ತೆಗೆ ಬಂದಿತು. ಮುಂದಿನವರು ಕೊಂಚ ಓರೆಯಾಗಿ ಸರಿದು ಸಾಗಿದರು. ನಾನು ಬ್ರೇಕನ್ನು ಬಿಗಿಯಾಗಿ ಒತ್ತಿದೆನು. ನನಗೇನೂ ಆಗಲಿಲ್ಲ. ನನ್ನ ಹಿಂದಿದ್ದ ಹುಡುಗ ಬಿದ್ದನು. ಅವನ ಕೊರಳೆಲುಬು ಮುರಿಯಿತು. ಆ ವರ್ಷದ ಸ್ಪರ್ಧೆಗಳು ಅವನ ಪಾಲಿಗೆ ಅಲ್ಲಿಗೇ ಮುಗಿದುವು.

ತಪ್ಪು ನನ್ನದು, ಪೆಟ್ಟು ಅವನಿಗೆ. ಹೀಗೇಕಾಯಿತೆಂದು ಅನಂತರ ಲೆಕ್ಕಹಾಕಿದೆನು. ಭೌತಶಾಸ್ತ್ರವನ್ನು ಕಲಿಸುವವನು ಈ ಲೆಕ್ಕವನ್ನು ಮೊದಲೇ ಮಾಡಬೇಕಾಗಿತ್ತು.

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಮುಖ್ಯ ವೈರಿ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂದರೆ ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಮಡಿಯಾಗಬೇಕು. ನೆಟ್ಟಗೆ ಕುಳಿತವನಿಗೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಗಾಳಿಗಾಗಿಯೇ ಸುಮಾರು 24 ವಾಟ್ ವ್ಯಯವಾಗುವುದಾದರೆ, 30 ಕಿಲೋಮೀಟರ್ ವೇಗದಲ್ಲಿ ಸುಮಾರು 190 ವಾಟ್ ಬೇಕು. ತರಬೇತಿಯಿಲ್ಲದ ದೇಹ ಗಂಟೆಗಟ್ಟಲೆ ಒದಗಿಸಬಲ್ಲುದು 75ರಿಂದ 100 ವಾಟ್ ಮಾತ್ರ. ಸ್ಪರ್ಧಾಳು ಮೈ ಬಾಗಿಸುವುದು ಠೀವಿಗಾಗಿ ಅಲ್ಲ. ಹಾಗೆ ಬಾಗಿದರೆ ಆ 190 ವಾಟ್ ಸುಮಾರು 115ಕ್ಕೆ ಇಳಿಯುವುದು.

ಇದಕ್ಕಿಂತಲೂ ಮಿಗಿಲಾದ ಉಪಾಯವೆಂದರೆ ಇನ್ನೊಬ್ಬನ ಹಿಂದೆ ಸಾಗುವುದು. ಸವಾರನ ಬೆನ್ನಹಿಂದೆ ಗಾಳಿ ಸುಳಿಸುಳಿಯಾಗಿ ಅವನೊಡನೆ ಕೊಂಚ ದೂರ ಮುಂದಕ್ಕೆ ಸಾಗುತ್ತಿರುತ್ತದೆ. ಅಲ್ಲಿ ಒತ್ತಡವೂ ಕಡಿಮೆ. ಆ ಜಾಗವನ್ನು ಹೊಕ್ಕವನಿಗೆ ಎದುರುಗಾಳಿ ತಗ್ಗುತ್ತದೆ. 1899ರಲ್ಲಿ ಅಮೆರಿಕದ ಚಾರ್ಲ್ಸ್ ಮರ್ಫಿ ಎಂಬಾತನು ರೈಲುಗಾಡಿಯ ಹಿಂದೆ ಸೈಕಲ್ ತುಳಿದು, ಒಂದು ಮೈಲಿಯನ್ನು ಒಂದು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಕ್ರಮಿಸಿದ್ದು ಈ ಮರೆಯ ಬಲದಿಂದಲೇ. ಸ್ಪರ್ಧಾಳುಗಳ ಸಾಲಿನಲ್ಲಿ ಹಿಂದಿನವನಿಗೆ ಗಾಳಿಯ ತಡೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯುವುದೆಂದು ಚೆಸ್ಟರ್ ಕೈಲ್ 1979ರಲ್ಲಿ ಪ್ರಕಟಿಸಿದರು. ದೊಡ್ಡ ಗುಂಪಿನಲ್ಲಂತೂ ಲಾಭ ಅಪಾರ: 121 ಸವಾರರ ಗುಂಪಿನ ಒಡಲೊಳಗೆ ತಡೆಯು ಒಂಟಿ ಸವಾರನದರ 5ರಿಂದ 10 ಪ್ರತಿಶತಕ್ಕೆ ಇಳಿಯಬಲ್ಲುದೆಂದು ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು.

ಹಾಗಾದರೆ ಹಿಂದೆ ಬಂದವನು ಮುಂದಿನವನ ಶ್ರಮವನ್ನು ಕದಿಯುತ್ತಾನೆಯೇ? ಯೂರೋಪಿನ ಸ್ಪರ್ಧಾಳುಗಳು ಇಂಥವನನ್ನು ಚಕ್ರ ಹೀರುವವನೆಂದು ಹಳಿಯುವುದುಂಟು. ಆದರೆ ಭೌತಶಾಸ್ತ್ರದ ತೀರ್ಪು ಬೇರೆ. ಹಿಂದಿನವನು ಸುಳಿಯ ಜಾಗವನ್ನು ತುಂಬುವುದರಿಂದ ಮುಂದಿನವನ ಬೆನ್ನಹಿಂದಿನ ಒತ್ತಡ ಅಷ್ಟಿಷ್ಟು ಏರಿ, ಅವನಿಗೂ ಎರಡು ಮೂರು ಪ್ರತಿಶತ ತಡೆ ಕಡಿಮೆಯಾಗುವುದು. ಕಳವಿನ ಪ್ರಶ್ನೆಯೇ ಇಲ್ಲ! ಅಸಮಾಧಾನ ಹುಟ್ಟುವುದು ಸರದಿಯ ವಿಷಯದಲ್ಲಿ. ತಂಡದಲ್ಲಿ ಪ್ರತಿಯೊಬ್ಬನೂ ಕೆಲವು ನಿಮಿಷ ಮುಂದೆ ನಿಂತು ಗಾಳಿಯನ್ನು ಸೀಳಿ, ಬದಿಗೆ ಸರಿದು ಕೊನೆಗೆ ಬಂದು ಸೇರುವನು. ಸರದಿ ಹೊರದೆ ಮರೆಯನ್ನಷ್ಟೇ ಅನುಭವಿಸುವವನ ಮೇಲೆ ಸಿಟ್ಟು ಸಹಜ. ಒಬ್ಬೊಬ್ಬರೇ ಕಾಲದೊಡನೆ ಸೆಣಸುವ ಪಂದ್ಯದಲ್ಲಂತೂ ಇನ್ನೊಬ್ಬನ ಮರೆ ಹಿಡಿಯುವುದು ನಿಯಮಬಾಹಿರ.

ಆದರೂ ಆ ಹುಡುಗ ಬಿದ್ದುದಕ್ಕೆ ಸರದಿ ಕಾರಣವಲ್ಲ. ಗಾಳಿಯ ಮರೆ ಚೆನ್ನಾಗಿ ದೊರೆಯಬೇಕಾದರೆ ಚಕ್ರಗಳ ನಡುವಣ ಅಂತರ ಅರ್ಧ ಮೀಟರಿನಷ್ಟೋ ಅದಕ್ಕೂ ಕಡಿಮೆಯೋ ಇರಬೇಕು. ಮುಂದಿನವನು ಸೆಕೆಂಡಿಗೆ ಸೆಕೆಂಡಿಗೆ 3 ಮೀಟರಿನ ದರದಲ್ಲಿ ವೇಗ ತಗ್ಗಿಸಿದನೆನ್ನೋಣ. ಹಿಂದಿನವನು ಹಾಗೆಯೇ ಸಾಗಿದರೆ, ಆ ಅರ್ಧ ಮೀಟರು 0.58 ಸೆಕೆಂಡಿನಲ್ಲಿ ಕಳೆದುಹೋಗುವುದು. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ ಬೆರಳು ಬ್ರೇಕನ್ನು ಒತ್ತಲು ಅರ್ಧ ಸೆಕೆಂಡಾದರೂ ಬೇಕಷ್ಟೆ! ಉಳಿಯುವ ಅವಕಾಶ ಲೆಕ್ಕಕ್ಕೆ ಬಾರದು.

ಚಕ್ರಗಳು ತಾಗಿದ ಮೇಲೆ ಬೀಳುವವನು ಹಿಂದಿನವನೇ. ಸೈಕಲ್ ಎಡಕ್ಕೆ ವಾಲಿದರೆ ಸವಾರನು ತನಗರಿವಿಲ್ಲದೆಯೇ ಮುಂದಿನ ಚಕ್ರವನ್ನು ಎಡಕ್ಕೆ ತಿರುಗಿಸಿ, ಚಕ್ರಗಳನ್ನು ಮತ್ತೆ ತನ್ನ ಭಾರದ ಕೆಳಗೆ ತಂದುಕೊಳ್ಳುವನು. ಹಿಂದಿನವನ ಮುಂಚಕ್ರ ಇನ್ನೊಂದು ಚಕ್ರಕ್ಕೆ ಒತ್ತಿಕೊಂಡಿರುವಾಗ ಹೀಗೆ ತಿರುಗಿಸಲಾಗದು, ಸಮತೋಲ ತಪ್ಪುವುದು. ಮುಂದಿನವನಿಗೆ ತಗುಲಿದ್ದು ಹಿಂಚಕ್ರಕ್ಕೆ, ಅವನ ಮುಂಚಕ್ರ ಸ್ವತಂತ್ರ. ತಪ್ಪು ಮಾಡಿದವನಿಗೆ ಶಿಕ್ಷೆಯಾಗದಿರುವುದು ಈ ಕಾರಣದಿಂದ. ಅವನು ಕಲಿಯದಿರುವುದಕ್ಕೂ ಬಹುಶಃ ಇದೇ ಕಾರಣ.

ತಂಡದ ಶಿಷ್ಟಾಚಾರಗಳೆಲ್ಲ ಈ ಅರ್ಧ ಮೀಟರನ್ನು ಕಾಪಾಡಲು ಹುಟ್ಟಿದವು. ಗುಂಡಿ ಕಂಡರೆ ಮುಂದಿನವನು ಕೈ ಚಾಚಿ ತೋರುವನು, ನಿಧಾನಿಸುವ ಮೊದಲು ಕೂಗುವನು, ಥಟ್ಟನೆ ಬ್ರೇಕ್ ಒತ್ತಲಾರನು. ಅಪರಿಚಿತನಿಗೆ ಈ ಭಾಷೆ ತಿಳಿಯದು. ಹಾಲಿನವನ ವಿಷಯದಲ್ಲಿ ಮಾತ್ರ ತಂಡದವರದೇ ಹೆಚ್ಚಿನ ಹೊಣೆಯೆಂದು ನನ್ನ ಅಭಿಪ್ರಾಯ. ಇಮ್ಮಡಿ ವೇಗದಲ್ಲಿ ಸದ್ದಿಲ್ಲದೆ ಮೊಣಕೈ ಸವರಿ ಹೋದರೆ ಅವನು ಬೆಚ್ಚುವನು, ಕ್ಯಾನುಗಳು ತೂಗುವುವು. ದೂರದಿಂದಲೇ ಒಂದು ಕೂಗು ಹಾಕಿ, ಒಂದು ಮಾರು ಬಿಟ್ಟು ದಾಟಿದರೆ ಅವರ ಸಾಮರ್ಥ್ಯದಲ್ಲಿ ಒಂದು ವಾಟೂ ನಷ್ಟವಾಗದು.

ಆಸ್ಪತ್ರೆಗೆ ನೋಡಲು ಹೋದಾಗ ಆ ಹುಡುಗ ಬೈಯಲಿಲ್ಲ. “ಸರ, ಬರತೇನಂತ ಒಂದ ಮಾತ ಹೇಳಿದ್ರ ಸಾಕಿತ್ರಿ” ಎಂದಷ್ಟೇ ಹೇಳಿದನು. ಮರುವರ್ಷ ಅವನು ಮತ್ತೆ ಸಾಲಿಗೆ ಸೇರಿದನು. ಒಂದು ಬೆಳಿಗ್ಗೆ ಅವರು ನನ್ನನ್ನು ದಾಟುತ್ತಿದ್ದಾಗ “ಹಿಂದೆ ಬರಲೇನಪ್ಪಾ?” ಎಂದು ಕೂಗಿ ಕೇಳಿದೆನು.

“ಬರ್ರಿ ಸರ, ಕಡೀಕ ಇರ್ರಿ!”